ಡಿಕ್ಕಿಯಲ್ಲಿ ಮಡಗಿದ್ದು

ಮೊದಲು ಕಪ್ಪು ತಂತಿ ಬಿಚ್ಚು, ಆಮೇಲೆ ಕೆಂಪು.
ಮೂವತ್ತು ವರ್ಷ ಇದೊಂದೇ ಮಾತು ಹೇಳಿ ಹೇಳಿ
ಗುತ್ತಲು ರಸ್ತೆಯ ಹುಡುಗರ ಬಾಯಲ್ಲಿ ನಾನು
ಕಪ್ಪು-ಕೆಂಪು ಮಾದಣ್ಣ.

ಚೆಲುವಾಂಬ ತಂದದ್ದು ಹಳೇ ಝೆನ್ನು.
ವಾರವೆಲ್ಲ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವಳು
ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ಧೂಳು ಕುಡಿಯುತ್ತಾಳೆ.
"ತಿರುವಿನಲ್ಲಿ ಮೂತಿ ಹೊರಕ್ಕೆ ಓಡ್ತದೆ ಮಾದಣ್ಣ,
ನಾನು ಎಡಕ್ಕೆ ಅಂದ್ರೆ ಅದು ನೆಟ್ಟಗೆ ಬೇಲಿಗೆ ಅಂತದೆ.
ಬ್ಯಾಟ್ರಿ ಕಿತ್ತು ಡಿಕ್ಕಿಗೆ ಮಡಗು."

ಡಿಕ್ಕಿಗಾ?
ಡಿಕ್ಕಿ ಆದ್ರೆ ಏನವ್ವ ಗತಿ, ಅಂದೆ.
ಅವಳು ನಗಲಿಲ್ಲ.

ತೂಗಬೇಕಲ್ಲ. ಬೆಲ್ಲದ ಮಂಡಿಯಿಂದ
ಕರೀಗೌಡರ ನಾಲ್ಕು ತಕ್ಕಡಿ ಆಟೋದಲ್ಲಿ ಬಂದವು,
ಚಕ್ರಕ್ಕೊಂದು.
ಹೆಲ್ಮೆಟ್ ಹಾಕಿ ಒಳಗೆ ಕೂತಳು, ಉಸಿರು ಬಿಗಿಹಿಡಿದು,
ಅದಕ್ಕೂ ಗ್ರಾಂ ಲೆಕ್ಕ ಇದೆ ಅನ್ನುವ ಹಾಗೆ.
ಮುಂದೆ ಬಲ ಇನ್ನೂರ ಅರವತ್ತೆರಡು, ಎಡ ಇನ್ನೂರ ಐವತ್ತೊಂದು,
ಹಿಂದೆ ಬಲ ನೂರ ಅರವತ್ತೆಂಟು,
ಹಿಂದೆ ಎಡ ನೂರ ನಲವತ್ತೆರಡು.
ಅದೊಂದು ಮೂಲೆ ಬಡವಾಗಿತ್ತು.
ತಕ್ಕಡಿಗಂಟಿದ ಬೆಲ್ಲದ ಪುಡಿಗೆ ಇರುವೆ ಬಂದು
ಟೈರು ಹತ್ತತೊಡಗಿದವು.
ಅವುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನನಗಿದು ಹೊಸತಲ್ಲ. ನನ್ನ ಎಡಗಾಲು
ಒಂದೂವರೆ ಇಂಚು ಕಮ್ಮಿ.
ಹನ್ನೆರಡು ವರ್ಷ ಡಾಕ್ಟರುಗಳು ಸೊಂಟ ನೋಡಿದರು.
ಪೇಟೆಬೀದಿಯ ಹೊನ್ನಯ್ಯ ಒಬ್ಬನೇ
ಚಪ್ಪಲಿ ತಿರುಗಿಸಿ, ಸವೆದ ಕಡೆ ಬೆರಳಾಡಿಸಿ,
ಲಾರಿ ಟೈರಿನ ತುಂಡು ಹೊಡೆದುಕೊಟ್ಟ.
ನೋವು ಒಂದು ಕಡೆ,
ಭಾರ ಬೀಳೋದು ಇನ್ನೊಂದು ಕಡೆ.

ಹಿಂದಿನ ಸೀಟು ಕಿತ್ತೆವು, ಕಾರ್ಪೆಟ್ಟು ಸುಲಿದೆವು.
ಕಡಲೆಕಾಯಿ ಸಿಪ್ಪೆ, ಯಾರದೋ ಕಿವಿಯೋಲೆಯ ತಿರುಪು.
ಹೆಬ್ಬೆರಳು ದಪ್ಪದ ವೆಲ್ಡಿಂಗ್ ಕೇಬಲ್ಲು ಹಾಸಿದೆ.
"ಇಷ್ಟು ದಪ್ಪ ಯಾಕಣ್ಣ?" ಇದಾಯತ್ ಕೇಳಿದ.
"ದೂರ ಆಯ್ತಲ್ಲಪ್ಪ. ದೂರ ಆದಷ್ಟೂ ದಪ್ಪ ಇರಬೇಕು.
ಸಣ್ಣ ತಂತಿ ದಾರೀಲೇ ಬಿಸಿಯಾಗಿ ಎಲ್ಲಾ ಕಳಕೊಳ್ತದೆ."
ಹುಡುಗ ತಲೆ ಬಾಗಿಸಿ, ಎಲ್ಲೋ ನೋಡುತ್ತ ನಿಂತ.
"ತಂತಿ ಬಗ್ಗೆ ಹೇಳಿದ್ದು ಕನ," ಅಂದೆ,
"ಸ್ಪ್ಯಾನರು ಕೊಡು."

ತಗಡಿನ ತೂತಿಗೆ ರಬ್ಬರು ಬಳೆ ತೊಡಿಸಿದ್ದಾಯಿತು,
ಇಲ್ಲದಿದ್ದರೆ ತಗಡೇ ಒಂದು ದಿನ ತಂತಿಯ ಕತ್ತು ಕುಯ್ಯುತ್ತದೆ.
ಬ್ಯಾಟ್ರಿಯಿಂದ ಗೇಣು ದೂರದಲ್ಲಿ ಫ್ಯೂಸು.
ಅರ್ತಿಗೆ ಬಣ್ಣ ಕೆರೆದೆ, ಲೋಹ ಬೆಳ್ಳಗೆ ನಗುವ ತನಕ.
ಅದರ ಹುಳಿ ಉಸಿರು ಒಳಗೆ ನಿಲ್ಲಬಾರದೆಂದು
ಸಣ್ಣ ನಳಿಕೆ ನೆಲದ ಕೆಳಕ್ಕೆ.
ಪಟ್ಟಿ ಬಿಗಿದು, ನಾಲ್ಕು ಬೋಲ್ಟು ಕೂರಿಸಿ,
ಇಬ್ಬರೂ ಹಿಡಿದು ಅಲ್ಲಾಡಿಸಿದರೆ
ಕಾರು ಅಲ್ಲಾಡಿತು, ಬ್ಯಾಟ್ರಿ ಇಲ್ಲ.

ಕೊನೆಗೆ ಗಾಜಿನ ಕೆಳಗೆ, ಹೊರಗಡೆ, ಕೆಂಪು ಸ್ವಿಚ್ಚು.
ಎಳೆದರೆ ಎಲ್ಲ ಸತ್ತುಹೋಗುತ್ತದೆ.
"ಹೊರಗೆ ಯಾಕವ್ವ? ನೀನಿರೋದು ಒಳಗೆ."
"ಅದು ನನಗಲ್ಲ ಮಾದಣ್ಣ.
ನನ್ನನ್ನ ಹೊರಗೆ ಎಳೆಯೋರಿಗೆ,"
ಹಾಲಿನ ಡಿಗ್ರಿ ಹೇಳುವ ದನಿಯಲ್ಲೇ ಅಂದಳು.
ಆ ಎರಡು ಸ್ಕ್ರೂ ಮಾತ್ರ ನಾನೇ
ಇನ್ನೊಮ್ಮೆ, ಮತ್ತೊಮ್ಮೆ ತಿರುವಿದೆ.

ಕೀ ತಿರುಗಿಸಿದಳು.
ಹದಿನಾಲ್ಕು ಅಡಿ ಕರೆಂಟಿಗೆ ಲೆಕ್ಕವೇ ಅಲ್ಲ, ಬಲ್ಲೆ.
ಆದರೂ ಅದು ಹಿಂದಿನಿಂದ ಎದ್ದು, ಸೀಟಿನಡಿ ನುಸುಳಿ,
ನನ್ನ ಹಾಗೆ ಕುಂಟುತ್ತ ಬರುತ್ತಿದೆ ಅನ್ನಿಸಿತು.
ಬಂತು. ಇಂಜಿನ್ನು ಕೆಮ್ಮಿ ಹಿಡಿದುಕೊಂಡಿತು.

ನೂರಡಿ ರಸ್ತೆಯ ತಿರುವಿನಲ್ಲಿ
ಮೂತಿ ಅವಳು ಹೇಳಿದ ಕಡೆಗೇ ಹೋಯಿತು.
ಆಗ ಇದಾಯತ್ "ಅಯ್ಯೋ" ಎಂದು ಓಡಿದ:
ಬಾನೆಟ್ಟಿನೊಳಗೆ, ಬ್ಯಾಟ್ರಿ ಕೂತಿದ್ದ ಖಾಲಿ ಚೌಕದಲ್ಲಿ,
ತುಕ್ಕಿನ ಮೇಲೆ, ಅವನ ಟೀ ಲೋಟ.
ಅರ್ಧ ಕುಡಿದದ್ದು.